ಆಸ್ಪತ್ರೆಯ ಬಾಡಿಗೆ: ಕಾಸರಗೋಡಿನಲ್ಲಿ ಅಂಗವಿಕಲ ರೋಗಿಗಳ ಪ್ರಯಾಣ ಮತ್ತು ಚಾಲಕರ ತರಬೇತಿ

ನಡೆಯಲಾಗದವರು, ಕೂತಲ್ಲೇ ಕುತ್ತಿಗೆ ನಿಲ್ಲದವರು, ಕಣ್ಣು ಕಾಣದವರು, ಅಪಸ್ಮಾರ ಇರುವವರು, ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಕ್ಕಳು. ಇವರನ್ನು ವೈದ್ಯರು ಹೇಳಿದ ದಿನ, ಹೇಳಿದ ಹೊತ್ತಿಗೆ ಆಸ್ಪತ್ರೆಗೆ ತಲುಪಿಸಿ ಮರಳಿ ಮನೆಗೆ ತರುವ ಕೆಲಸ ತುರ್ತು ಆಂಬ್ಯುಲೆನ್ಸ್ ಸೇವೆಗಿಂತ ಬೇರೆ. ಇಲ್ಲಿ ಜೀವ ಹೋಗುವ ಗಡಿಬಿಡಿ ಇರುವುದಿಲ್ಲ. ಆದರೆ ಪ್ರಯಾಣ ತಿಂಗಳು ತಿಂಗಳೂ ಇರುತ್ತದೆ. ಫಿಸಿಯೋಥೆರಪಿ, ಡಯಾಲಿಸಿಸ್, ನರರೋಗ ತಪಾಸಣೆ, ಅಂಗವೈಕಲ್ಯ ಪ್ರಮಾಣಪತ್ರದ ಮರುಪರೀಕ್ಷೆ ಇದಕ್ಕೆಲ್ಲ ಊರಿನ ರಿಕ್ಷಾ, ಜೀಪು, ಟ್ಯಾಕ್ಸಿಗಳೇ ಗತಿ. ಈ ಪ್ರಯಾಣದಲ್ಲಿ ಪೆಟ್ಟಾಗುವ ಸಂದರ್ಭಗಳು ಹಲವು ಬಾರಿ ವಾಹನ ನಿಂತಿರುವಾಗಲೇ ಬರುತ್ತವೆ: ಎತ್ತುವಾಗ, ಕೂರಿಸುವಾಗ, ಇಳಿಸುವಾಗ. ಆದ್ದರಿಂದ ಇಂಥ ಬಾಡಿಗೆಗೆ ಹೋಗುವ ಚಾಲಕರ ತರಬೇತಿಯಲ್ಲಿ ಸ್ಟಿಯರಿಂಗ್‌ಗಿಂತ ಕೈ, ಬೆನ್ನು ಮತ್ತು ಮಾತಿನ ಪಾಠಗಳೇ ಹೆಚ್ಚು.

ಕಾಸರಗೋಡಿನ ಹಿನ್ನೆಲೆ

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿತು. ಗೇರಿನ ಚಿಗುರು, ಹೂವುಗಳ ರಸ ಹೀರುವ 'ಟೀ ಸೊಳ್ಳೆ' ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ತೋಟಗಳು ಗುಡ್ಡದ ಮೇಲಿದ್ದವು. ಮನೆ, ಬಾವಿ, ನೀರಿನ ಸುರಂಗ, ತೋಡುಗಳು ಕೆಳಗಿದ್ದವು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಜೀವನಪರ್ಯಂತ ವೈದ್ಯಕೀಯ ಸೌಲಭ್ಯ ಒದಗಿಸುವುದನ್ನೂ ಪರಿಗಣಿಸುವಂತೆ ಹೇಳಿತು.

ಹೆಚ್ಚು ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳು ಎಣ್ಮಕಜೆ, ಬದಿಯಡ್ಕ, ಕುಂಬಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು, ಪುಲ್ಲೂರು-ಪೆರಿಯ, ಅಜಾನೂರು, ಕಯ್ಯೂರು-ಚೀಮೇನಿ, ಕಳ್ಳಾರು ಮತ್ತು ಪನತ್ತಡಿ. ಸರಕಾರದ ಸಂತ್ರಸ್ತರ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಇವರಲ್ಲಿ ಕೆಲವರು ಹಾಸಿಗೆ ಬಿಟ್ಟು ಏಳಲಾರರು. ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳು ಈಗ ದೊಡ್ಡವರು, ಅವರ ತಂದೆ-ತಾಯಿ ವೃದ್ಧರು. ಹಿಂದೆ ತಾಯಿಯೊಬ್ಬಳೇ ಸೊಂಟದ ಮೇಲೆ ಹೊತ್ತು ಬಸ್ಸು ಹತ್ತುತ್ತಿದ್ದ ಮಗುವನ್ನು ಇಂದು ಇಬ್ಬರು ಸೇರಿ ಎತ್ತಬೇಕು. ಆ ಎರಡನೆಯವನು ಬಹಳ ಸಲ ಬಾಡಿಗೆಗೆ ಬಂದ ಚಾಲಕ. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯಲ್ಲೂ ಇದೇ ಕೀಟನಾಶಕದ ಸಂತ್ರಸ್ತರಿದ್ದಾರೆ. ಅಲ್ಲಿಯೂ ಆಸ್ಪತ್ರೆಯ ದಾರಿಯ ಕಷ್ಟ ಬೇರೆಯಲ್ಲ.

ದೂರ, ಮಳೆ, ಗಡಿ

ಕಾಸರಗೋಡು ಜಿಲ್ಲೆ ರೂಪುಗೊಂಡದ್ದು 1984ರ ಮೇ 24ರಂದು. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಬದಿಯಡ್ಕ ಸಮೀಪದ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಅದರ ಕಟ್ಟಡ 2020ರ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಳಕೆಗೆ ಬಂತು. ಆದರೂ ನರರೋಗ, ಹೃದ್ರೋಗ, ಮಕ್ಕಳ ಶಸ್ತ್ರಚಿಕಿತ್ಸೆಯಂಥ ವಿಶೇಷ ಚಿಕಿತ್ಸೆಗೆ ಜಿಲ್ಲೆಯ ಉತ್ತರ ಭಾಗದ ಜನ ಮಂಗಳೂರನ್ನೇ ನೆಚ್ಚಿದ್ದಾರೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಪೆರ್ಲ, ಮುಳ್ಳೇರಿಯ, ಬೋವಿಕ್ಕಾನದ ಒಳಗಿನ ಮನೆಗಳಿಂದ ಹೊರಟರೆ ಹೆದ್ದಾರಿ ಸೇರುವ ಮೊದಲೇ ಗುಡ್ಡದ ತಿರುವು, ಇಳಿಜಾರು, ಮುರಕಲ್ಲಿನ ಕಚ್ಚಾ ದಾರಿ ಕಳೆಯಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಈ ದಾರಿಗಳು ಜಾರುತ್ತವೆ. ಕೆಲವು ಮನೆಗಳ ಅಂಗಳಕ್ಕೆ ವಾಹನ ಹೋಗದು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತು ತರಬೇಕು. ಹಾಗಾಗಿ ಇಲ್ಲಿಯ ಚಾಲಕನ ಕೆಲಸ ರಸ್ತೆಯಲ್ಲಿ ಶುರುವಾಗುವುದಿಲ್ಲ, ಮನೆಯ ಜಗಲಿಯಲ್ಲಿ ಶುರುವಾಗುತ್ತದೆ.

ಗಡಿ ಎಷ್ಟು ದೊಡ್ಡ ತಡೆಯಾಗಬಲ್ಲದೆಂಬುದು 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಲಾಕ್‌ಡೌನ್ ಹೊತ್ತಿನಲ್ಲಿ ಕರ್ನಾಟಕವು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು, ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳನ್ನೂ ತಡೆಯಿತು. ಮಂಗಳೂರಿಗೆ ಹೋಗಲಾಗದೆ ಕಾಸರಗೋಡಿನ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಿ ತಡೆ ತೆರವಿಗೆ ಕೇಂದ್ರ ಸರಕಾರಕ್ಕೆ ನಿರ್ದೇಶನ ಕೊಟ್ಟಿತು. ಬಳಿಕ ತಪಾಸಣೆ, ಕಾಗದಪತ್ರಗಳ ಶರತ್ತಿನೊಂದಿಗೆ ತುರ್ತು ರೋಗಿಗಳನ್ನು ಬಿಡಲಾಯಿತು. ವೈದ್ಯರ ಶಿಫಾರಸು ಪತ್ರ, ಗುರುತಿನ ಕಾಗದ, ವಾಹನದ ಪರ್ಮಿಟ್ ಮತ್ತು ವಿಮೆ ಒಂದೇ ಫೈಲಿನಲ್ಲಿ ಇರಬೇಕೆಂಬುದು ಚಾಲಕರು ಅಂದು ಕಲಿತ ಪಾಠ. ಸಾಮಾನ್ಯ ದಿನಗಳಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಬಹುದು.

ಯಾವ ವಾಹನ, ಯಾರಿಗೆ

ಕೇರಳದ 108 ಆಂಬ್ಯುಲೆನ್ಸ್ ಜಾಲ 2019ರಿಂದ 'ಕನಿವ್' ಹೆಸರಿನಲ್ಲಿ ನಡೆಯುತ್ತಿದೆ. ಅದು ತುರ್ತಿಗೆ ಮೀಸಲು. ತಿಂಗಳ ತಪಾಸಣೆಗೆ ಕರೆಯುವಂಥದಲ್ಲ. ಭಾರತದಲ್ಲಿ ಆಂಬ್ಯುಲೆನ್ಸ್‌ಗಳ ರಚನೆಗೆ ಎಐಎಸ್-125 ಎಂಬ ಮಾನದಂಡವಿದೆ. ಅದು ವಾಹನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತದೆ. ಇದರಲ್ಲಿ ಬಿ ವರ್ಗವು ತುರ್ತಿಲ್ಲದ ರೋಗಿಗಳನ್ನು ಸಾಗಿಸುವುದಕ್ಕೆ, ಸಿ ಮತ್ತು ಡಿ ವರ್ಗಗಳು ದಾರಿಯಲ್ಲೇ ಜೀವರಕ್ಷಕ ಚಿಕಿತ್ಸೆ ಬೇಕಾದವರಿಗೆ.

ಹಾಸಿಗೆ ಹಿಡಿದವರ ಮನೆಗೇ ದಾದಿಯರು ಹೋಗುವ ಸಾಂತ್ವನ ಆರೈಕೆ ಕೇರಳದಲ್ಲಿ ಗಟ್ಟಿಯಾಗಿದೆ. ರಾಜ್ಯವು 2008ರಲ್ಲಿ ಅದಕ್ಕೊಂದು ನೀತಿ ರೂಪಿಸಿತು, ಪಂಚಾಯತುಗಳಿಗೆ ಹೊಣೆ ವಹಿಸಿತು. ಬುದ್ಧಿಮಾಂದ್ಯ ಇರುವ ಮಕ್ಕಳ ಬಡ್ಸ್ ಶಾಲೆಗಳು ಮಕ್ಕಳನ್ನು ಕರೆತರಲು ವಾಹನ ಓಡಿಸುತ್ತವೆ. ಉಳಿದದ್ದೆಲ್ಲ ಬಾಡಿಗೆ ವಾಹನಗಳ ಪಾಲು.

ರಿಕ್ಷಾ ಎಲ್ಲಿಗೂ ನುಗ್ಗುತ್ತದೆ, ಅಗ್ಗ, ನೆಲ ತಗ್ಗು. ಆದರೆ ಬೆಲ್ಟ್ ಇಲ್ಲ, ತಲೆಗೆ ಆಧಾರವಿಲ್ಲ. ಕುತ್ತಿಗೆ ನಿಲ್ಲದವರಿಗೆ ದೂರದ ಪ್ರಯಾಣಕ್ಕೆ ಅದು ಸಲ್ಲದು. ಜೀಪು ಗುಡ್ಡ ಹತ್ತುತ್ತದೆ. ಹತ್ತಿಸಲು ಎತ್ತರ, ಹಿಂದಿನ ಸೀಟುಗಳು ಪಕ್ಕಕ್ಕೆ ಮುಖ ಮಾಡಿವೆ. ಕಾರಿನ ಮುಂದಿನ ಸೀಟು ಹಿಂದಕ್ಕೆ ಸರಿಯುತ್ತದೆ, ಒರಗುತ್ತದೆ, ಬೆಲ್ಟ್ ಇದೆ. ಹೆಚ್ಚಿನವರಿಗೆ ಅದೇ ಸುರಕ್ಷಿತ ಜಾಗ. ಗಾಲಿಕುರ್ಚಿಯಲ್ಲಿ ಕೂತಂತೆಯೇ ಒಯ್ಯಬೇಕಾದವರಿಗೆ ಮಾತ್ರ ಇಳಿಜಾರು ಹಲಗೆ ಅಥವಾ ಲಿಫ್ಟ್ ಜೋಡಿಸಿದ ವ್ಯಾನ್ ಬೇಕು.

ಕಾನೂನು ಏನು ಹೇಳುತ್ತದೆ

ಅಂಗವಿಕಲರ ಹಕ್ಕುಗಳ ಕಾಯ್ದೆ 2016, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. 25ನೇ ಕಲಮು ಆಸ್ಪತ್ರೆಯ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಇರಬೇಕೆನ್ನುತ್ತದೆ. 41ನೇ ಕಲಮು ಸಾರಿಗೆಯ ಬಗ್ಗೆ. ಬಸ್ಸುಗಳಲ್ಲಿ ಮೀಸಲು ಸೀಟು, ಊರುಗೋಲು ಭದ್ರಪಡಿಸುವ ವ್ಯವಸ್ಥೆ, ಕೈಹಿಡಿ, ಗಾಲಿಕುರ್ಚಿ ನಿಲ್ಲಿಸಿ ಬಿಗಿಯುವ ಸೌಲಭ್ಯ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. 2020ರ ಮಾರ್ಚ್ 1ರಿಂದ ಅದು ಅನ್ವಯ.

ಇವೆಲ್ಲ ವಾಹನ ಮತ್ತು ಕಟ್ಟಡದ ಮಾತು. ಚಾಲಕನಿಗೆ ಏನು ಗೊತ್ತಿರಬೇಕೆಂಬುದನ್ನು ನೋಡಲು ಅದೇ ನಿಯಮಗಳ 9ನೇ ನಿಯಮ ಓದಬೇಕು. ಅಪಾಯಕಾರಿ ಸರಕು ಸಾಗಿಸುವ ಚಾಲಕ 3 ದಿನಗಳ ವಿಶೇಷ ತರಬೇತಿ ಪಡೆದು ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಂಡಿರಬೇಕು. ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಸರಗೋಡು ದಾಟಿ ಹೋಗುವ ಗ್ಯಾಸ್ ಟ್ಯಾಂಕರಿನ ಚಾಲಕನಿಗೆ ಈ ಪಾಠ ಕಡ್ಡಾಯ. ಅದೇ ಹೆದ್ದಾರಿಯಲ್ಲಿ ಬೆನ್ನುಹುರಿಗೆ ಪೆಟ್ಟಾದವರನ್ನು ಕೂರಿಸಿಕೊಂಡು ಹೋಗುವ ಟ್ಯಾಕ್ಸಿ ಚಾಲಕನಿಗೆ ಅಂಥ ಯಾವ ಪಾಠವನ್ನೂ ಆ ನಿಯಮಗಳು ಕೇಳುವುದಿಲ್ಲ.

ಪಾಠ ಒಂದು: ಕೇಳಿ ತಿಳಿಯುವುದು

ತರಬೇತಿಯ ಮೊದಲ ನಿಯಮ: ಕೈ ಹಾಕುವ ಮೊದಲು ಕೇಳಬೇಕು. 'ಹೇಗೆ ಎತ್ತಿದರೆ ನಿಮಗೆ ನೋವಾಗುವುದಿಲ್ಲ?' ಎಂಬ ಪ್ರಶ್ನೆಯನ್ನು ರೋಗಿಗೇ ಕೇಳಬೇಕು, ಜೊತೆಗಿದ್ದವರಿಗಲ್ಲ. ಮಾತು ಬಾರದಿದ್ದರೆ ದಿನಾ ನೋಡಿಕೊಳ್ಳುವ ತಾಯಿಯೋ ಅಕ್ಕನೋ ಹೇಳಿದಂತೆ ನಡೆಯಬೇಕು. ಆ ದೇಹದ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರಿಲ್ಲ.

ಕಾಸರಗೋಡಿನಲ್ಲಿ ಭಾಷೆಯೂ ಇದರ ಭಾಗ. ಒಂದೇ ಊರಿನಲ್ಲಿ ಕನ್ನಡ, ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಕೇಳಿಸುತ್ತವೆ. ಪೆರ್ಲದ ತುಳು ಮನೆಯವರಿಗೆ ತೆಂಕಣ ಆಸ್ಪತ್ರೆಯ ಮಲಯಾಳ ಬೋರ್ಡು ಓದಲು ಬಾರದಿರಬಹುದು. ಚೀಮೇನಿಯ ಮಲಯಾಳಿ ಕುಟುಂಬಕ್ಕೆ ಮಂಗಳೂರಿನ ಕೌಂಟರಿನ ಕನ್ನಡ ತಿಳಿಯದಿರಬಹುದು. ಟೋಕನ್ ಎಲ್ಲಿ, ಲಿಫ್ಟ್ ಎಲ್ಲಿ, ಗಾಲಿಕುರ್ಚಿ ಯಾರು ಕೊಡುತ್ತಾರೆ ಎಂದು ಕೇಳಿ ಹೇಳಬಲ್ಲ ಚಾಲಕ ಅರ್ಧ ಕೆಲಸ ಹಗುರ ಮಾಡುತ್ತಾನೆ.

ಕಣ್ಣು ಕಾಣದವರ ಕೈ ಹಿಡಿದು ಎಳೆಯಬಾರದು; ಚಾಲಕ ತನ್ನ ಮೊಣಕೈ ಕೊಟ್ಟರೆ ಅವರೇ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಏರಿದೆಯೋ ಇಳಿದಿದೆಯೋ ಹೇಳಬೇಕು, ಅವರ ಅಂಗೈಯನ್ನು ಬಾಗಿಲಿನ ಮೇಲಂಚಿಗೆ ಮುಟ್ಟಿಸಬೇಕು. ಕಿವಿ ಕೇಳದವರೊಂದಿಗೆ ಮುಖ ಕಾಣುವಂತೆ ನಿಂತು ಮಾತಾಡಬೇಕು; ಕನ್ನಡಿ ನೋಡುತ್ತ ಹಿಂದಿನ ಸೀಟಿಗೆ ಕೂಗಿದರೆ ಪ್ರಯೋಜನವಿಲ್ಲ. ಆಟಿಸಂ ಇರುವ ಮಗುವಿಗೆ ಹಾರ್ನ್, ಜೋರು ಹಾಡು, ದಾರಿ ಬದಲಾವಣೆ ಸಹಿಸದಿರಬಹುದು. ಪ್ರತಿ ಸಲವೂ ಅದೇ ಚಾಲಕ, ಅದೇ ಸೀಟು ಇದ್ದರೆ ಮಗು ಒಗ್ಗಿಕೊಳ್ಳುತ್ತದೆ. ಹಿಂಬಾಗಿಲಿನ ಚೈಲ್ಡ್ ಲಾಕ್ ಹಾಕಿಡಬೇಕು.

ಪಾಠ ಎರಡು: ಎತ್ತಿ ಕೂರಿಸುವುದು

ಲಕ್ವ ಹೊಡೆದವರ ಕೈಯನ್ನೋ ಕಂಕುಳನ್ನೋ ಹಿಡಿದು ಎಳೆದರೆ ಭುಜದ ಕೀಲು ತಪ್ಪಬಹುದು. ಸೆರೆಬ್ರಲ್ ಪಾಲ್ಸಿ ಇರುವವರ ಸೆಟೆದ ಕಾಲನ್ನು ಬಲವಂತವಾಗಿ ಮಡಚಿದರೆ ಅದು ಇನ್ನಷ್ಟು ಸೆಟೆಯುತ್ತದೆ. ನಿಧಾನಕ್ಕೆ ಒತ್ತಿ ಕಾಯಬೇಕು. ತಲೆಯಲ್ಲಿ ನೀರು ತುಂಬಿ ತಲೆ ದೊಡ್ಡದಾದ ಮಗುವನ್ನು ಎತ್ತುವಾಗ ಒಂದು ಕೈ ತಲೆಗೇ ಮೀಸಲು.

ಗಾಲಿಕುರ್ಚಿಯಿಂದ ಕಾರಿನ ಸೀಟಿಗೆ ದಾಟಿಸುವ ಕ್ರಮ ಹೀಗೆ. ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಬೇಕು. ಕುರ್ಚಿಯನ್ನು ಸೀಟಿಗೆ ಓರೆಯಾಗಿ ತಾಗಿಸಿ, ರೋಗಿಯ ಗಟ್ಟಿ ಇರುವ ಮಗ್ಗುಲು ಸೀಟಿನ ಕಡೆ ಬರುವಂತೆ ನಿಲ್ಲಿಸಬೇಕು. ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮಡಚಬೇಕು. ಎತ್ತುವವರು ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, 'ಒಂದು, ಎರಡು, ಮೂರು' ಎಂದು ಬಾಯಿಬಿಟ್ಟು ಎಣಿಸಿ ಒಟ್ಟಿಗೆ ಎತ್ತಬೇಕು. ಮೊದಲು ಸೊಂಟ ಸೀಟಿಗೆ, ತಲೆ ಬಾಗಿಲಿಗೆ ಬಡಿಯದಂತೆ ಕೈ ಅಡ್ಡ, ಕೊನೆಗೆ ಕಾಲು ಒಳಗೆ. ಇಬ್ಬರೇ ಎತ್ತುವಾಗ ಬಲಶಾಲಿ ಹಿಂದಿನಿಂದ ಎದೆಯ ಭಾಗ ಹಿಡಿಯುತ್ತಾನೆ, ಇನ್ನೊಬ್ಬ ತೊಡೆ ಮತ್ತು ಕಾಲು. ಚಾಲಕ ತನ್ನ ಬೆನ್ನನ್ನೂ ಕಾಪಾಡಿಕೊಳ್ಳಬೇಕು. ಒಬ್ಬನೇ ಎತ್ತಲಾರೆ ಎಂದು ಹೇಳುವುದೂ ಕಲಿಯಬೇಕಾದ ಮಾತೇ.

ಸೊಂಟದ ಕೆಳಗೆ ಸ್ಪರ್ಶ ತಿಳಿಯದವರಿಗೆ ಬಿಸಿಲಿಗೆ ಕಾದ ಸೀಟು, ಸೀಟಿನಡಿಯ ಸ್ಪ್ಯಾನರ್, ಮಡಿಕೆಬಿದ್ದ ಬಟ್ಟೆ ಕೂಡ ಹುಣ್ಣು ಮಾಡುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ. ಮೂತ್ರದ ಚೀಲವನ್ನು ಹೊಟ್ಟೆಯ ಮಟ್ಟಕ್ಕಿಂತ ಕೆಳಗೇ ಇಡಬೇಕು, ನಳಿಕೆ ಬೆಲ್ಟಿಗೆ ಸಿಕ್ಕಿಕೊಳ್ಳಬಾರದು. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ದಾರಿಯಲ್ಲಿ ಹಠಾತ್ ತಲೆನೋವು, ಬೆವರು, ಮುಖ ಕೆಂಪಾಗುವುದು ಕಂಡರೆ ನೆಟ್ಟಗೆ ಕೂರಿಸಿ ಮೊದಲು ಆ ನಳಿಕೆ ಮಡಿಚಿದೆಯೇ ನೋಡಬೇಕು. ರಕ್ತದೊತ್ತಡ ಅಪಾಯಕರವಾಗಿ ಏರಿರುವ ಲಕ್ಷಣವದು. ತಡೆ ನಿವಾರಿಸಿಯೂ ಇಳಿಯದಿದ್ದರೆ ಹತ್ತಿರದ ಆಸ್ಪತ್ರೆಗೆ.

ಪಾಠ ಮೂರು: ಗಾಲಿಕುರ್ಚಿ ಬಿಗಿಯುವುದು

ನಮ್ಮಲ್ಲಿ ಸಿಗುವ ಮಡಚುವ ಸ್ಟೀಲ್ ಗಾಲಿಕುರ್ಚಿ ವಾಹನದ ಸೀಟಾಗಲೆಂದು ಮಾಡಿದ್ದಲ್ಲ. ಸಾಧ್ಯವಿದ್ದವರನ್ನು ಸೀಟಿಗೆ ದಾಟಿಸಿ, ಕುರ್ಚಿಯನ್ನು ಮಡಚಿ ಕಟ್ಟಿಡುವುದೇ ಮೇಲು. ಅನಿವಾರ್ಯವಾದರೆ ಕುರ್ಚಿ ಮುಂದಕ್ಕೇ ಮುಖ ಮಾಡಿರಬೇಕು, ಪಕ್ಕಕ್ಕೆ ಎಂದಿಗೂ ಅಲ್ಲ. ಮುಂದೆ ಎರಡು, ಹಿಂದೆ ಎರಡು ಪಟ್ಟಿಗಳನ್ನು ಚೌಕಟ್ಟಿನ ಬೆಸುಗೆ ಹಾಕಿದ ಗಟ್ಟಿ ಭಾಗಕ್ಕೆ ಹಾಕಿ ನೆಲದ ಕೊಂಡಿಗಳಿಗೆ ಬಿಗಿಯಬೇಕು. ಚಕ್ರ, ಕೈಯಾಸರೆ, ಪಾದದ ಹಲಗೆಗೆ ಕಟ್ಟಿದರೆ ಅವು ಕಳಚಿ ಬರುತ್ತವೆ. ಅಲುಗಾಡಿಸಿ ನೋಡಿದರೆ 5 ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಕುರ್ಚಿಗೆ ಹಾಕಿದ ಪಟ್ಟಿ ಮನುಷ್ಯನನ್ನು ಹಿಡಿಯುವುದಿಲ್ಲ. ಅವನಿಗೆ ಬೇರೆಯೇ ಬೆಲ್ಟ್ ಬೇಕು, ಅದು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು.

ಮಗುವನ್ನು ಮಡಿಲಲ್ಲಿಟ್ಟುಕೊಂಡರೆ ಸಾಕೆಂಬ ನಂಬಿಕೆ ವ್ಯಾಪಕ. ಗಂಟೆಗೆ 40 ಕಿ.ಮೀ. ವೇಗದ ವಾಹನ ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 20 ಕಿಲೋ ತೂಕದ ಮಗು 200 ಕಿಲೋಗೂ ಮಿಕ್ಕಿದ ಭಾರದಂತೆ ಮುಂದಕ್ಕೆ ಎಳೆಯುತ್ತದೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು.

ಕಟ್ಟಡಗಳಿಗೆ ಹೇಳಿದ ಇಳಿಜಾರು 12ಕ್ಕೆ 1. ಆ ಲೆಕ್ಕದಲ್ಲಿ 50 ಸೆಂ.ಮೀ. ಎತ್ತರದ ವ್ಯಾನಿಗೆ 6 ಮೀಟರ್ ಹಲಗೆ ಬೇಕು. ಅಷ್ಟು ಉದ್ದದ್ದು ವ್ಯಾನಿನಲ್ಲಿ ಹಿಡಿಯದು, ಹಾಗಾಗಿ ವಾಹನದ ಹಲಗೆಗಳು ಕಡಿದಾಗಿಯೇ ಇರುತ್ತವೆ. ಹಲಗೆಯ ತುದಿ ರಸ್ತೆ ಬದಿಯ ದಿಣ್ಣೆಯ ಮೇಲೆ ಕೂರುವಂತೆ ವ್ಯಾನ್ ನಿಲ್ಲಿಸಿದರೆ ಇಳಿಜಾರು ಕಡಿಮೆಯಾಗುತ್ತದೆ. ಹತ್ತಿಸುವಾಗ ರೋಗಿಯ ಮುಖ ಮೇಲಕ್ಕೆ, ಚಾಲಕ ಹಿಂದೆ. ಇಳಿಸುವಾಗಲೂ ಮುಖ ಮೇಲಕ್ಕೇ: ಚಾಲಕ ಕೆಳಗೆ ನಿಂತು ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಮುಂದಾಗಿ ಇಳಿಸಿದರೆ ರೋಗಿ ಮುಗ್ಗರಿಸುತ್ತಾನೆ.

ಪಾಠ ನಾಲ್ಕು: ಓಡಿಸುವ ಬಗೆ ಮತ್ತು ದಾರಿಯ ಅಪಸ್ಮಾರ

ಕುತ್ತಿಗೆ, ಬೆನ್ನಿನ ಸ್ನಾಯುಗಳಲ್ಲಿ ಬಲವಿಲ್ಲದವರಿಗೆ ತಿರುವು ಬರುವುದು ಮೊದಲೇ ತಿಳಿದಿದ್ದರೂ ಮೈ ಆನಿಸಿಕೊಳ್ಳಲಾಗದು. ಆದ್ದರಿಂದ ಬ್ರೇಕನ್ನು ದೂರದಿಂದಲೇ ಹಗುರವಾಗಿ ಒತ್ತುತ್ತ ಬರಬೇಕು, ತಿರುವಿನೊಳಗೆ ಬ್ರೇಕ್ ಒತ್ತಬಾರದು, ಹಂಪ್ ಬಂದರೆ ಮೊದಲೇ ಹೇಳಬೇಕು. ಡಯಾಲಿಸಿಸ್ ಮುಗಿಸಿ ಬರುವವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು; ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಇರುವ ಕೈಯನ್ನು ಹಿಡಿದು ಎಬ್ಬಿಸಬಾರದು.

ಎಂಡೋಸಲ್ಫಾನ್ ಸಂತ್ರಸ್ತರಲ್ಲಿ ಅಪಸ್ಮಾರ ಸಾಮಾನ್ಯ. ದಾರಿಯಲ್ಲಿ ಫಿಟ್ಸ್ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಗಡಿಯಾರ ನೋಡಬೇಕು. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಅಥವಾ ಬೀಗದ ಕೀಲಿಕೈ ಕೊಟ್ಟರೆ ನಿಲ್ಲುತ್ತದೆಂಬುದು ಬರೀ ನಂಬಿಕೆ. ತಲೆಗೆ ಮೆತ್ತನೆಯ ಆಸರೆ ಕೊಟ್ಟು, ಜೊಲ್ಲು ಹೊರಹರಿಯುವಂತೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಬೆಲ್ಟಿನಲ್ಲಿ ಕೂತಿದ್ದರೆ ಬಿಚ್ಚದೆ ತಲೆಯನ್ನಷ್ಟೇ ಓರೆ ಹಿಡಿಯಬೇಕು. 5 ನಿಮಿಷ ಮೀರಿದರೆ, ಅಥವಾ ಪ್ರಜ್ಞೆ ಮರಳುವ ಮೊದಲೇ ಮತ್ತೆ ಬಂದರೆ, ಮಂಗಳೂರಿನ ಗೊತ್ತುಮಾಡಿದ ಆಸ್ಪತ್ರೆಯನ್ನು ಮರೆತು ಹತ್ತಿರದ್ದಕ್ಕೆ ತಿರುಗಬೇಕು.

ಹೊರಗಿನ ಮಾದರಿಗಳು

ಬ್ರಿಟನ್ನಿನಲ್ಲಿ ಸಮುದಾಯ ಸಾರಿಗೆಯ ಮಿನಿಬಸ್ ಚಾಲಕರಿಗೆ 'ಮೈಡಾಸ್' ಎಂಬ ತರಬೇತಿಯಿದೆ. ಅಮೆರಿಕದಲ್ಲಿ ಸಮುದಾಯ ಸಾರಿಗೆ ಸಂಘವು 'ಪಾಸ್' ಹೆಸರಿನ ಪ್ರಮಾಣಪತ್ರ ಕೊಡುತ್ತದೆ; ಪ್ರಯಾಣಿಕರಿಗೆ ನೆರವು, ಸುರಕ್ಷತೆ, ಸೂಕ್ಷ್ಮತೆ ಅದರ ಮೂರು ಭಾಗ. ಅಲ್ಲಿಯ ಮೆಡಿಕೇಡ್ ಯೋಜನೆಯು ತುರ್ತಿಲ್ಲದ ವೈದ್ಯಕೀಯ ಪ್ರಯಾಣವನ್ನೂ ಚಿಕಿತ್ಸೆಯ ಭಾಗವೆಂದು ಒಪ್ಪಿ ಏರ್ಪಾಡು ಮಾಡುತ್ತದೆ. ಯುರೋಪಿನ ಬಸ್ ಪ್ರಯಾಣಿಕರ ಹಕ್ಕುಗಳ 2011ರ ನಿಯಮಾವಳಿಯು ಚಾಲಕರಿಗೆ ಅಂಗವೈಕಲ್ಯದ ಅರಿವಿನ ತರಬೇತಿ ಇರಬೇಕೆನ್ನುತ್ತದೆ.

ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನದು. ಅಲ್ಲಿಯ ಕಿಕ್‌ಸ್ಟಾರ್ಟ್ ಕ್ಯಾಬ್ಸ್ ಅಂಗವಿಕಲರಿಗೂ ಹಿರಿಯರಿಗೂ ಮಾರ್ಪಡಿಸಿದ ಕಾರುಗಳನ್ನು ಓಡಿಸಿತು, ಚಾಲಕರಿಗೆ ತರಬೇತಿ ಕೊಟ್ಟಿತು. 2017ರಲ್ಲಿ ಊಬರ್ ಕಂಪನಿ ಬೆಂಗಳೂರಿನಲ್ಲಿ ಇಂಥ ಸೇವೆ ಶುರುಮಾಡಿದಾಗ ಕಿಕ್‌ಸ್ಟಾರ್ಟ್‌ನೊಂದಿಗೇ ಕೈಜೋಡಿಸಿತು.

ಜಿಲ್ಲೆಯಲ್ಲಿ ಯಾರು ಕಲಿಸಬಹುದು

ಮೇಲಿನ ಪಾಠಗಳಿಗೆ ದೊಡ್ಡ ಸಂಸ್ಥೆ ಬೇಕಿಲ್ಲ. ಎತ್ತಿ ಕೂರಿಸುವುದನ್ನು ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಕಲಿಸಬಲ್ಲರು. ಹಾಸಿಗೆಹುಣ್ಣು, ಮೂತ್ರದ ನಳಿಕೆಯ ವಿಷಯ ಪಂಚಾಯತಿನ ಸಾಂತ್ವನ ಆರೈಕೆಯ ದಾದಿಗೆ ಕರತಲಾಮಲಕ. ಮಕ್ಕಳ ಸ್ವಭಾವವನ್ನು ಬಡ್ಸ್ ಶಾಲೆಯ ಶಿಕ್ಷಕಿಯರು ಬಲ್ಲರು. ಬೆಲ್ಟು, ಪರ್ಮಿಟ್ಟು, ವಿಮೆಯ ಪಾಠ ಮೋಟಾರು ವಾಹನ ಇಲಾಖೆಯದು. ಗಾಲಿಕುರ್ಚಿಯಲ್ಲಿ ಕೂತವರೇ ಬಂದು ತಮ್ಮನ್ನು ಎತ್ತಿಸಿಕೊಂಡು ತಪ್ಪು ತಿದ್ದಿದರೆ ಅದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಚಾಲಕನನ್ನೇ ಕುರ್ಚಿಯಲ್ಲಿ ಕೂರಿಸಿ ಹಲಗೆಯಿಂದ ಮುಂದಾಗಿ ಇಳಿಸಿದರೆ ಹಿಮ್ಮುಖದ ನಿಯಮವನ್ನು ಅವನಿಗೆ ಎರಡನೇ ಸಲ ಹೇಳಬೇಕಾಗದು.

ಚಾಲಕನ ಮಿತಿಯನ್ನೂ ಅಲ್ಲೇ ಹೇಳಿಕೊಡಬೇಕು. ಉಸಿರಾಟದ ನಳಿಕೆ ಇರುವವರು, ಕಫ ತೆಗೆಯಬೇಕಾದವರು, ಪ್ರಜ್ಞೆ ಏರುಪೇರಾಗುವವರು ಟ್ಯಾಕ್ಸಿಯ ಬಾಡಿಗೆಯಲ್ಲ. ದಾದಿ ಇರುವ ಆಂಬ್ಯುಲೆನ್ಸಿನ ಪಾಲು.

ಬಾಡಿಗೆ ಒಪ್ಪುವ ಮೊದಲು ಕೇಳಬೇಕಾದದ್ದು

- ಒಬ್ಬರೇ ಕೂರಬಲ್ಲರೇ, ಕುತ್ತಿಗೆ ನಿಲ್ಲುತ್ತದೆಯೇ?
- ಎತ್ತಬೇಕಾದರೆ ತೂಕ ಎಷ್ಟು, ಎತ್ತಲು ಮನೆಯಲ್ಲಿ ಎಷ್ಟು ಜನ ಇದ್ದಾರೆ?
- ವಾಹನ ಅಂಗಳದವರೆಗೆ ಬರುತ್ತದೆಯೇ, ಮಳೆಗಾಲದಲ್ಲೂ?
- ಫಿಟ್ಸ್ ಬರುತ್ತದೆಯೇ, ಕೊನೆಯ ಸಲ ಯಾವಾಗ, ಔಷಧಿ ಜೊತೆಗಿದೆಯೇ?
- ಗಾಲಿಕುರ್ಚಿ ಮಡಚುತ್ತದೆಯೇ, ಆಮ್ಲಜನಕದ ಸಿಲಿಂಡರ್ ಇದೆಯೇ?
- ಯಾವ ಆಸ್ಪತ್ರೆ, ಯಾವ ವಿಭಾಗ, ಇಳಿಜಾರು ಇರುವ ಬಾಗಿಲು ಯಾವುದು?
- ಗಡಿ ದಾಟುವುದಾದರೆ ವೈದ್ಯರ ಪತ್ರ, ಗುರುತಿನ ಚೀಟಿ ಇದೆಯೇ?
- ಮರಳಿ ಬರುವುದು ಎಷ್ಟು ಹೊತ್ತಿಗೆ, ಅಲ್ಲಿವರೆಗೆ ಚಾಲಕ ಕಾಯಬೇಕೇ?

ಈ ಪ್ರಶ್ನೆಗಳು ಫೋನಿನಲ್ಲೇ ಮುಗಿಯುತ್ತವೆ. ಕೇಳದೆ ಹೊರಟವನು ಮನೆಯ ಬಾಗಿಲಿಗೆ ಬಂದ ಮೇಲೆ ತನ್ನ ರಿಕ್ಷಾದಲ್ಲಿ ಆಗದೆಂದು ತಿಳಿದು ಹಿಂತಿರುಗುತ್ತಾನೆ. ಅಂದಿನ ಟೋಕನ್ ಹೋಗುತ್ತದೆ, ತಜ್ಞ ವೈದ್ಯರ ಮುಂದಿನ ದಿನಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು.